ಬಿಸಿನೀರು ಮೊದಲು ಮಂಜುಗಡ್ಡೆಯಾದೀತೆ? ಶಾಲಾ ಬಾಲಕನ ಪ್ರಶ್ನೆ, ವಿಜ್ಞಾನಿಗಳ ಪೇಚಾಟ

ಒಂದೇ ಬಗೆಯ ಎರಡು ಲೋಟಗಳಲ್ಲಿ ಸಮಪ್ರಮಾಣದ ನೀರನ್ನು ತೆಗೆದುಕೊಳ್ಳಿ. ಒಂದರಲ್ಲಿ ನಲ್ಲಿಯ ತಣ್ಣೀರು, ಇನ್ನೊಂದರಲ್ಲಿ ಒಲೆಯಿಂದ ಇಳಿಸಿದ ಬಿಸಿನೀರು. ಎರಡನ್ನೂ ಒಟ್ಟಿಗೇ ರೆಫ್ರಿಜರೇಟರಿನ ಫ್ರೀಜರ್ ಭಾಗದಲ್ಲಿಟ್ಟರೆ ಯಾವುದು ಮೊದಲು ಮಂಜುಗಡ್ಡೆಯಾಗುತ್ತದೆ?

ತಣ್ಣೀರೇ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಭೌತಶಾಸ್ತ್ರವನ್ನು ಓದಿದವರಂತೂ ಇದನ್ನು ಇನ್ನಷ್ಟು ದೃಢವಾಗಿ ಹೇಳುತ್ತಾರೆ. ಅವರ ತರ್ಕ ಹೀಗಿರುತ್ತದೆ: ದಾವಣಗೆರೆಯಿಂದ ಒಂದು ಬಸ್ಸು, ತುಮಕೂರಿನಿಂದ ಇನ್ನೊಂದು ಬಸ್ಸು ಏಕಕಾಲಕ್ಕೆ ಬೆಂಗಳೂರಿಗೆ ಹೊರಟವೆನ್ನೋಣ. ದಾವಣಗೆರೆಯ ಬಸ್ಸು ಮೊದಲಿಗೆ ಎಷ್ಟೇ ವೇಗವಾಗಿ ಓಡಿದರೂ ತುಮಕೂರನ್ನು ದಾಟಿಯೇ ಬರಬೇಕು. ಅದು ತುಮಕೂರಿಗೆ ಬರುವ ಹೊತ್ತಿಗೆ ಅಲ್ಲಿಂದ ಹೊರಟಿದ್ದ ಬಸ್ಸು ಬಹುದೂರ ಹೋಗಿರುತ್ತದೆ. ತುಮಕೂರಿನಿಂದ ಮುಂದೆ ಎರಡರ ದಾರಿಯೂ ಒಂದೇ, ವೇಗವೂ ಒಂದೇ. ಹಾಗಿರುವಾಗ ಹಿಂದಿನ ಬಸ್ಸು ಮುಂದಿನದನ್ನು ಹಿಂದಿಕ್ಕುವುದೆಂತು? ಬಿಸಿನೀರೂ ತಣ್ಣೀರಿನ ಉಷ್ಣತೆಯನ್ನು ಹಾದೇ ಸೊನ್ನೆ ಡಿಗ್ರಿಗೆ ಇಳಿಯಬೇಕಲ್ಲವೆ?

ಈ ತರ್ಕವನ್ನು ಅಲುಗಾಡಿಸಿದವನು ವಿಜ್ಞಾನಿಯಲ್ಲ, ಪೂರ್ವ ಆಫ್ರಿಕದ ಒಬ್ಬ ಶಾಲಾ ಬಾಲಕ. ಅವನ ಹೆಸರು ಎರಾಸ್ಟೊ ಎಂಪೆಂಬಾ. ಇಂದು ಆ ವಿದ್ಯಮಾನವನ್ನು ಜಗತ್ತಿನ ಭೌತಶಾಸ್ತ್ರಜ್ಞರು ‘ಎಂಪೆಂಬಾ ಪರಿಣಾಮ’ ಎಂದೇ ಕರೆಯುತ್ತಾರೆ. ಅರುವತ್ತು ವರ್ಷಗಳ ಬಳಿಕವೂ ಅದರ ಕುರಿತ ವಾದ ಮುಗಿದಿಲ್ಲ.

ಐಸ್‌ಕ್ರೀಂ ಮಾಡಲು ಹೋಗಿ

1963. ಇಂದಿನ ಟಾಂಜಾನಿಯದ ಮುಖ್ಯ ಭೂಭಾಗ ಆಗ ಟಾಂಗನ್ಯಿಕ ಎಂಬ ಹೆಸರಿನಿಂದ ಸ್ವತಂತ್ರವಾಗಿ ಎರಡು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಮಗಂಬಾ ಮಾಧ್ಯಮಿಕ ಶಾಲೆಯ ಮೂರನೆಯ ಫಾರಂನ ಹುಡುಗರು ಶಾಲೆಯಲ್ಲಿಯೇ ಐಸ್‌ಕ್ರೀಂ ತಯಾರಿಸುತ್ತಿದ್ದರು. ಹಾಲನ್ನು ಕುದಿಸಿ, ಸಕ್ಕರೆ ಬೆರೆಸಿ, ಅದು ಕೋಣೆಯ ಉಷ್ಣತೆಗೆ ಆರಿದ ಮೇಲೆ ಫ್ರೀಜರಿನೊಳಗೆ ಇಡುವುದು ಕ್ರಮ. ಹುಡುಗರು ಹಲವರು, ಫ್ರೀಜರಿನಲ್ಲಿ ಜಾಗವಾದರೋ ಸ್ವಲ್ಪ. ನೂಕುನುಗ್ಗಲು ಸಹಜವೇ.

ಒಂದು ದಿನ ಎಂಪೆಂಬಾ ಹಾಲು ಕುದಿಸುತ್ತಿದ್ದಾಗ ಇನ್ನೊಬ್ಬ ಹುಡುಗ ಜಾಗ ಹಿಡಿಯುವ ಆತುರದಲ್ಲಿ ಕುದಿಸದ ಹಾಲಿಗೇ ಸಕ್ಕರೆ ಬೆರೆಸಿ ತಟ್ಟೆಗೆ ಸುರಿದನು. ಹಾಲು ಆರುವುದನ್ನು ಕಾಯುತ್ತ ಕುಳಿತರೆ ಉಳಿದಿರುವ ಕೊನೆಯ ತಟ್ಟೆಯೂ ಕೈತಪ್ಪೀತೆಂದು ಎಂಪೆಂಬಾಗೆ ಅನ್ನಿಸಿತು. ರೆಫ್ರಿಜರೇಟರ್ ಕೆಟ್ಟರೂ ಕೆಡಲಿ ಎಂದು ಅವನು ಬಿಸಿಬಿಸಿ ಹಾಲನ್ನೇ ಒಳಗಿಟ್ಟನು. ಒಂದೂವರೆ ಗಂಟೆಯ ಬಳಿಕ ಇಬ್ಬರೂ ಬಾಗಿಲು ತೆರೆದು ನೋಡಿದರು. ಎಂಪೆಂಬಾನ ತಟ್ಟೆಯಲ್ಲಿ ಐಸ್‌ಕ್ರೀಂ ಗಟ್ಟಿಯಾಗಿತ್ತು. ಗೆಳೆಯನ ತಟ್ಟೆಯಲ್ಲಿ ಇನ್ನೂ ದಪ್ಪನೆಯ ದ್ರವವೇ ಇತ್ತು.

ಹೀಗೇಕಾಯಿತೆಂದು ಅವನು ಭೌತಶಾಸ್ತ್ರದ ಉಪಾಧ್ಯಾಯರನ್ನು ಕೇಳಿದನು. ನಿನಗೆ ಗೊಂದಲವಾಗಿದೆ, ಹಾಗಾಗಲು ಸಾಧ್ಯವಿಲ್ಲ ಎಂಬುದು ದೊರೆತ ಉತ್ತರ. ಹುಡುಗ ಅದನ್ನು ನಂಬಿ ಸುಮ್ಮನಾದನು.

ಅದೇ ವರ್ಷ ಟಾಂಗಾ ಪಟ್ಟಣದಲ್ಲಿ ಐಸ್‌ಕ್ರೀಂ ಮಾಡಿ ಮಾರುವ ಗೆಳೆಯನೊಬ್ಬನು ಸಿಕ್ಕಿದನು. ಮಾತಿನ ನಡುವೆ ಅವನು, ಬೇಗ ಗಟ್ಟಿಯಾಗಲೆಂದು ತಾನು ಹಾಲನ್ನು ಬಿಸಿಯಿರುವಾಗಲೇ ಒಳಗಿಡುವುದಾಗಿಯೂ, ಈ ಉಪಾಯವನ್ನು ಇದೇ ವ್ಯಾಪಾರ ಮಾಡುವ ಅಣ್ಣನಿಂದ ಕಲಿತುದಾಗಿಯೂ ತಿಳಿಸಿದನು. ಆ ಊರಿನ ಬೇರೆ ಐಸ್‌ಕ್ರೀಂ ವ್ಯಾಪಾರಿಗಳೂ ಅದನ್ನೇ ಮಾಡುತ್ತಿದ್ದರಂತೆ! ಪಾಠಪುಸ್ತಕ ಆಗದು ಎಂದುದನ್ನು ಸಂತೆಯ ವ್ಯಾಪಾರಿಗಳು ದಿನನಿತ್ಯ ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ಕೈಕಸುಬಿನ ಅರಿವು ತರಗತಿಯ ಬಾಗಿಲನ್ನು ದಾಟಿ ಒಳಗೆ ಬರುವುದು ಎಲ್ಲ ದೇಶಗಳಲ್ಲಿಯೂ ಕಷ್ಟವೇ ಎಂದು ಕಾಣುತ್ತದೆ.

‘ಎಂಪೆಂಬಾನ ಭೌತಶಾಸ್ತ್ರ’

ಮುಂದೆ ಎಂಪೆಂಬಾ ಇರಿಂಗಾದ ಎಂಕ್ವಾವಾ ಪ್ರೌಢಶಾಲೆಗೆ ಸೇರಿದನು. ಅಲ್ಲಿ ಮೊದಲ ಪಾಠವೇ ಉಷ್ಣದ ಬಗ್ಗೆ. ನ್ಯೂಟನ್ನನ ಶೀತಲನ ನಿಯಮವನ್ನು ಉಪಾಧ್ಯಾಯರು ವಿವರಿಸುತ್ತಿದ್ದಾಗ ಅವನು ಎದ್ದು ನಿಂತು ತನ್ನ ಹಳೆಯ ಪ್ರಶ್ನೆಯನ್ನು ಕೇಳಿದನು. ಈ ಉಪಾಧ್ಯಾಯರೂ ಗೊಂದಲವೆಂದರು. ಹುಡುಗ ಪಟ್ಟು ಬಿಡದೆ ವಾದಿಸಿದಾಗ, ಅದು ಎಂಪೆಂಬಾನ ಭೌತಶಾಸ್ತ್ರವೇ ಹೊರತು ಜಗತ್ತಿನ ಭೌತಶಾಸ್ತ್ರವಲ್ಲ ಎಂದು ಹಂಗಿಸಿದರು. ಅಂದಿನಿಂದ ಅದೊಂದು ಗಾದೆಯೇ ಆಗಿಹೋಯಿತು. ಲೆಕ್ಕದಲ್ಲಿ ತಪ್ಪಾದರೆ ‘ಎಂಪೆಂಬಾನ ಗಣಿತ’ ಎಂದು ಉಪಾಧ್ಯಾಯರು ಹೇಳುವರು, ತರಗತಿಯೆಲ್ಲ ನಗುವುದು.

ಇಲ್ಲಿಗೆ ಕಥೆ ಮುಗಿಯಬಹುದಾಗಿತ್ತು. ಜಗತ್ತಿನ ಸಾವಿರಾರು ಶಾಲೆಗಳಲ್ಲಿ ಇಂತಹ ಕಥೆಗಳು ಇಲ್ಲಿಗೇ ಮುಗಿದಿರುತ್ತವೆ. ಆದರೆ ಒಂದು ಮಧ್ಯಾಹ್ನ ಜೀವಶಾಸ್ತ್ರದ ಪ್ರಯೋಗಾಲಯದ ಬಾಗಿಲು ತೆರೆದಿದ್ದುದು ಎಂಪೆಂಬಾನ ಕಣ್ಣಿಗೆ ಬಿತ್ತು. ಒಳಗೆ ಯಾರೂ ಇರಲಿಲ್ಲ. 50 ಘನ ಸೆಂಟಿಮೀಟರಿನ ಎರಡು ಬೀಕರುಗಳನ್ನು ತೆಗೆದುಕೊಂಡು ಒಂದಕ್ಕೆ ನಲ್ಲಿಯ ನೀರನ್ನೂ ಇನ್ನೊಂದಕ್ಕೆ ಬಿಸಿನೀರನ್ನೂ ತುಂಬಿ ಫ್ರೀಜರಿನಲ್ಲಿಟ್ಟನು. ಒಂದು ಗಂಟೆಯ ಬಳಿಕ ನೋಡಿದರೆ ಯಾವುದೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಆದರೆ ಬಿಸಿನೀರಿದ್ದ ಬೀಕರಿನಲ್ಲಿ ಹೆಚ್ಚು ಮಂಜುಗಡ್ಡೆ ಕಟ್ಟಿತ್ತು. ಈಗ ಪ್ರಶ್ನೆ ಹಾಲಿನದ್ದಾಗಿ ಉಳಿಯಲಿಲ್ಲ. ಸಕ್ಕರೆಯಿಂದಲೋ ಕೆನೆಯಿಂದಲೋ ಹೀಗಾಯಿತೆನ್ನಲು ಅವಕಾಶವಿರಲಿಲ್ಲ.

ಕೆಲವು ದಿನಗಳ ನಂತರ ದಾರ್ ಎಸ್ ಸಲಾಂನ ವಿಶ್ವವಿದ್ಯಾಲಯ ಕಾಲೇಜಿನ ಭೌತಶಾಸ್ತ್ರ ಪ್ರಾಧ್ಯಾಪಕ ಡಾ. ಡೆನಿಸ್ ಆಸ್ಬರ್ನ್ ಆ ಶಾಲೆಗೆ ಉಪನ್ಯಾಸ ನೀಡಲು ಬಂದರು. ಉಪನ್ಯಾಸದ ಬಳಿಕ ಪ್ರಶ್ನೆಗಳಿಗೆ ಅವಕಾಶವಿತ್ತು. ಎಂಪೆಂಬಾ ಕೇಳಿದನು: 35 ಡಿಗ್ರಿಯ ನೀರು, 100 ಡಿಗ್ರಿಯ ನೀರು, ಪಾತ್ರೆಗಳು ಒಂದೇ ಬಗೆಯವು, ಪ್ರಮಾಣವೂ ಸಮ. ಎರಡನ್ನೂ ಫ್ರೀಜರಿನಲ್ಲಿಟ್ಟರೆ 100 ಡಿಗ್ರಿಯದೇ ಮೊದಲು ಹೆಪ್ಪುಗಟ್ಟುತ್ತದೆ, ಏಕೆ?

ಸಹಪಾಠಿಗಳು ನಕ್ಕರು. ಅತಿಥಿಗಳ ಮುಂದೆ ಶಾಲೆಯ ಮಾನ ಕಳೆದನೆಂದು ಅವರಿಗೆ ಸಿಟ್ಟು. ಆಸ್ಬರ್ನ್ ಅವರೂ ಮೊದಲು ಮುಗುಳ್ನಕ್ಕು ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿದರು. ಬಳಿಕ, ನೀನೇ ಮಾಡಿ ನೋಡಿದೆಯಾ ಎಂದು ವಿಚಾರಿಸಿದರು. ಹೌದೆಂದನು ಹುಡುಗ. ತನಗೆ ಉತ್ತರ ಗೊತ್ತಿಲ್ಲವೆಂದೂ, ಊರಿಗೆ ಮರಳಿದ ಮೇಲೆ ಪ್ರಯೋಗ ಮಾಡಿ ನೋಡುವೆನೆಂದೂ ಆಸ್ಬರ್ನ್ ತುಂಬಿದ ಸಭೆಯಲ್ಲಿ ಹೇಳಿದರು. ಹುಡುಗ ತಪ್ಪು ತಿಳಿದಿರಬೇಕೆಂದೇ ಅವರಿಗೂ ಅನ್ನಿಸಿತ್ತು. ಅದನ್ನು ಅವರು ಆ ಮೇಲೆ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಕೊಟ್ಟ ಮಾತಿನಂತೆ ಅವರು ಪ್ರಯೋಗಾಲಯದ ತಂತ್ರಜ್ಞನೊಬ್ಬನಿಗೆ ಈ ಕೆಲಸವನ್ನು ವಹಿಸಿದರು. ಬಿಸಿನೀರೇ ಮೊದಲು ಹೆಪ್ಪುಗಟ್ಟಿತೆಂದು ತಂತ್ರಜ್ಞನು ಬಂದು ವರದಿ ಮಾಡಿದನು. ಜೊತೆಗೆ, ಸರಿಯಾದ ಫಲಿತಾಂಶ ಬರುವವರೆಗೂ ಪ್ರಯೋಗವನ್ನು ಮತ್ತೆ ಮತ್ತೆ ಮಾಡುವುದಾಗಿ ಭರವಸೆಯನ್ನೂ ಕೊಟ್ಟನಂತೆ! ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಪ್ರಾಮಾಣಿಕವಾದ ನಗೆಮಾತು ಸಿಗುವುದು ಅಪರೂಪ. ನಮಗೆ ಬೇಕಾದ ಉತ್ತರವನ್ನೇ ‘ಸರಿಯಾದ ಉತ್ತರ’ ಎಂದುಕೊಳ್ಳುವ ಅಭ್ಯಾಸ ಆ ತಂತ್ರಜ್ಞನೊಬ್ಬನದೇ ಅಲ್ಲ.

1969ರಲ್ಲಿ ಬ್ರಿಟನ್ನಿನ ‘ಫಿಸಿಕ್ಸ್ ಎಜುಕೇಷನ್’ ಪತ್ರಿಕೆಯಲ್ಲಿ ಎಂಪೆಂಬಾ ಮತ್ತು ಆಸ್ಬರ್ನ್ ಇಬ್ಬರ ಹೆಸರಿನಲ್ಲಿಯೂ ಲೇಖನ ಪ್ರಕಟವಾಯಿತು. ಮೊದಲ ಭಾಗ ಎಂಪೆಂಬಾ ಬರೆದ ಅನುಭವ ಕಥನ, ಎರಡನೆಯ ಭಾಗ ಆಸ್ಬರ್ನ್ ಅವರ ಪ್ರಯೋಗಗಳ ವಿವರ. ಹುಡುಗನ ಹೆಸರನ್ನು ಅಡಿಟಿಪ್ಪಣಿಯಲ್ಲಿ ನೆನೆದು ಕೈತೊಳೆದುಕೊಳ್ಳದೆ ಸಹಲೇಖಕನನ್ನಾಗಿ ಮಾಡಿದ್ದು ಗಮನಿಸತಕ್ಕ ವಿಷಯ. ಎಂಪೆಂಬಾ ಆಗ ಮೋಶಿ ಸಮೀಪದ ವನ್ಯಜೀವಿ ನಿರ್ವಹಣಾ ಕಾಲೇಜಿನ ವಿದ್ಯಾರ್ಥಿ. ಮುಂದೆ ಅವರು ವನ್ಯಜೀವಿ ಇಲಾಖೆಯಲ್ಲಿಯೇ ಸೇವೆ ಸಲ್ಲಿಸಿದರು, ಭೌತವಿಜ್ಞಾನಿಯಾಗಲಿಲ್ಲ.

ಕಾರಣಗಳು ಹಲವು, ನಿರ್ಣಯ ಒಂದಿಲ್ಲ

ಬಸ್ಸಿನ ಉದಾಹರಣೆಗೆ ಮರಳೋಣ. ಅಲ್ಲಿ ನಾವು ಹೇಳದೆಯೇ ಒಪ್ಪಿಕೊಂಡ ಒಂದು ಮಾತಿದೆ. ದಾವಣಗೆರೆಯಿಂದ ಬಂದ ಬಸ್ಸು ತುಮಕೂರನ್ನು ತಲುಪಿದಾಗ, ತುಮಕೂರಿನಿಂದ ಹೊರಟ ಬಸ್ಸಿನ ತದ್ರೂಪಾಗಿಯೇ ಇರುತ್ತದೆ ಎಂಬುದೇ ಆ ಮಾತು. ಬಸ್ಸಿನಲ್ಲಿ ಅದು ನಿಜವಾಗಬಹುದು. ನೀರಿನಲ್ಲಿ ಹಾಗಾಗಬೇಕಿಲ್ಲ. ಕುದಿದು ಆರಿ 35 ಡಿಗ್ರಿಗೆ ಬಂದ ನೀರು, ಮೊದಲಿನಿಂದಲೂ 35 ಡಿಗ್ರಿಯಲ್ಲಿದ್ದ ನೀರಿಗಿಂತ ಹಲವು ರೀತಿಗಳಲ್ಲಿ ಬೇರೆಯಾಗಿರಬಹುದು.

ಮೊದಲನೆಯದು ಆವಿಯ ವಿಚಾರ. ಬಿಸಿನೀರು ಆರುವಾಗ ಒಂದಷ್ಟು ಭಾಗ ಆವಿಯಾಗಿ ಹೋಗುತ್ತದೆ. ಹೋಗುವ ಆವಿ ಒಂದೊಂದು ಗ್ರಾಮಿಗೆ ಐನೂರಕ್ಕೂ ಹೆಚ್ಚು ಕ್ಯಾಲೊರಿ ಉಷ್ಣವನ್ನು ಹೊತ್ತೊಯ್ಯುತ್ತದೆ. ಕುದಿಯುವ ನೀರು ಆವಿಯಿಂದಲೇ ತಣಿದು ಸೊನ್ನೆ ಡಿಗ್ರಿಗೆ ಇಳಿಯಿತೆಂದು ಲೆಕ್ಕ ಹಾಕಿದರೆ ಸುಮಾರು ಶೇಕಡ 16ರಷ್ಟು ನೀರು ಕಡಮೆಯಾಗಿರುತ್ತದೆ. ಉಳಿದ ನೀರು ಕಡಮೆಯಾದಷ್ಟೂ ಗಟ್ಟಿಯಾಗಲು ಕಳೆಯಬೇಕಾದ ಉಷ್ಣವೂ ಕಡಮೆ. ದಾರಿಯಲ್ಲಿ ಪ್ರಯಾಣಿಕರನ್ನು ಇಳಿಸಿ ಬಸ್ಸು ಹಗುರವಾದಂತೆ. ಕೆನಡದ ಜಾರ್ಜ್ ಕೆಲ್ ಎಂಬ ವಿಜ್ಞಾನಿ ಅದೇ 1969ರಲ್ಲಿ, ಎಂಪೆಂಬಾನ ಸುದ್ದಿಯೇ ತಿಳಿಯದೆ ಪ್ರತ್ಯೇಕವಾಗಿ ಈ ವಿಷಯವನ್ನು ಚರ್ಚಿಸಿ ಇದೇ ಕಾರಣವನ್ನು ಮುಂದಿಟ್ಟರು. ಆದರೆ ತಮ್ಮ ಬೀಕರುಗಳಿಂದ ಆವಿಯಾದ ನೀರು ಅಷ್ಟೊಂದು ವ್ಯತ್ಯಾಸವನ್ನು ವಿವರಿಸುವಷ್ಟು ಇರಲಿಲ್ಲವೆಂದು ಆಸ್ಬರ್ನ್ ಕಂಡುಕೊಂಡಿದ್ದರು.

ಅವರ ಗಮನ ಹೋದದ್ದು ನೀರಿನ ಒಳಚಲನೆಯ ಕಡೆಗೆ. ಬಿಸಿನೀರು ತಣಿಯುವಾಗ ತಣ್ಣನೆಯ ಪದರ ಕೆಳಗಿಳಿದು ಬೆಚ್ಚನೆಯದು ಮೇಲೇರುತ್ತಿರುತ್ತದೆ. ಈ ಸಂವಹನದಿಂದ ಪಾತ್ರೆಯ ಮೇಲ್ಮೈ ಸದಾ ಬೆಚ್ಚಗಿದ್ದು, ಅಲ್ಲಿಂದ ಉಷ್ಣ ಭರದಿಂದ ಹೊರಬೀಳುತ್ತದೆ. ಉಷ್ಣ ಹೆಚ್ಚಾಗಿ ಹೋಗುತ್ತಿರುವುದು ಮೇಲ್ಮೈಯಿಂದಲೇ ಎಂಬುದಕ್ಕೆ ಆಸ್ಬರ್ನ್ ಅವರಿಗೆ ಚೆನ್ನಾದ ಪುರಾವೆಯೂ ಸಿಕ್ಕಿತ್ತು. ನೀರಿನ ಮೇಲೆ ಎಣ್ಣೆಯ ತೆಳುಪದರವನ್ನು ಹರಡಿದಾಗ ಹೆಪ್ಪುಗಟ್ಟುವುದು ಗಂಟೆಗಟ್ಟಲೆ ತಡವಾಯಿತು.

ಇನ್ನು ಫ್ರೀಜರಿನ ತಳದ ಹಿಮಹುಡಿಯ ಮಾತು. ತಣ್ಣನೆಯ ಪಾತ್ರೆ ಆ ಹುಡಿಯ ಮೇಲೆಯೇ ಕುಳಿತಿರುತ್ತದೆ, ಹುಡಿ ಕಂಬಳಿಯಂತೆ ಉಷ್ಣವನ್ನು ತಡೆಯುತ್ತದೆ. ಬಿಸಿಪಾತ್ರೆಯಾದರೆ ಹುಡಿಯನ್ನು ಕರಗಿಸಿ ಲೋಹದ ತಳಕ್ಕೆ ಅಂಟಿಕೊಳ್ಳುತ್ತದೆ. ಐಸ್‌ಕ್ರೀಂ ತಟ್ಟೆಗಳಲ್ಲಿ ಇದೇ ನಡೆದಿರಬಹುದು. ಆಸ್ಬರ್ನ್ ಮಾತ್ರ ಬೀಕರುಗಳ ಕೆಳಗೆ ಪಾಲಿಸ್ಟೈರೀನ್ ಹಾಳೆಯನ್ನಿಟ್ಟು ಈ ದಾರಿಯನ್ನು ಮುಚ್ಚಿದ್ದರು. ಕುದಿಸಿದಾಗ ನೀರಿನಲ್ಲಿ ಕರಗಿದ್ದ ಅನಿಲಗಳು ಹೊರಹೋಗುವುದೂ ಒಂದು ಕಾರಣವೆಂದು ಕೆಲವರು ಹೇಳಿದ್ದುಂಟು.

ಎಲ್ಲಕ್ಕಿಂತ ತಲೆನೋವಿನದು ಅತಿಶೀತಲನ. ನೀರು ಸೊನ್ನೆ ಡಿಗ್ರಿಗೆ ಬಂದೊಡನೆ ಗಟ್ಟಿಯಾಗಿಯೇ ಬಿಡುತ್ತದೆಂದು ನಾವು ಓದಿದ್ದೇವೆ. ವಾಸ್ತವದಲ್ಲಿ ಅದು ಸೊನ್ನೆಗಿಂತ ಹಲವು ಡಿಗ್ರಿ ಕೆಳಗಿಳಿದರೂ ದ್ರವವಾಗಿಯೇ ಇರಬಲ್ಲದು. ಮಂಜಿನ ಹರಳು ಹುಟ್ಟಲು ಒಂದು ಧೂಳಿನ ಕಣವೋ, ಪಾತ್ರೆಯ ಮೇಲಿನ ಗೀರೋ ಬೇಕಾಗುತ್ತದೆ. ಎರಡು ಲೋಟಗಳಲ್ಲಿ ಯಾವುದರಲ್ಲಿ ಆ ಹರಳು ಮೊದಲು ಹುಟ್ಟುತ್ತದೆಂಬುದು ಬಹುಮಟ್ಟಿಗೆ ಅದೃಷ್ಟದಾಟ. ಆದುದರಿಂದಲೇ ಒಬ್ಬರಿಗೆ ಕಂಡ ಪರಿಣಾಮ ಇನ್ನೊಬ್ಬರಿಗೆ ಕಾಣುವುದಿಲ್ಲ, ಇಂದು ಕಂಡದ್ದು ನಾಳೆ ಕಾಣುವುದಿಲ್ಲ.

2012ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಅತ್ಯುತ್ತಮ ವಿವರಣೆಗೆ ಒಂದು ಸಾವಿರ ಪೌಂಡ್ ಬಹುಮಾನ ಘೋಷಿಸಿದಾಗ 22,000ಕ್ಕೂ ಹೆಚ್ಚು ಉತ್ತರಗಳು ಬಂದವು. ಬಹುಮಾನ ಕ್ರೊಯೇಷಿಯದ ನಿಕೋಲಾ ಬ್ರೆಗೋವಿಚ್ ಅವರ ಪಾಲಾಯಿತು. ವಾದವೇನೂ ತೀರಲಿಲ್ಲ.

ತೀರದುದಷ್ಟೇ ಅಲ್ಲ, 2016ರಲ್ಲಿ ಬುಡಕ್ಕೇ ಪೆಟ್ಟು ಬಿತ್ತು. ಇಂಗ್ಲೆಂಡಿನ ಹೆನ್ರಿ ಬರಿಜ್ ಮತ್ತು ಪಾಲ್ ಲಿಂಡೆನ್ ಎಚ್ಚರದಿಂದ ಪ್ರಯೋಗಗಳನ್ನು ನಡೆಸಿ, ನೀರು ಸೊನ್ನೆ ಡಿಗ್ರಿಗೆ ಇಳಿಯುವ ಕಾಲವನ್ನು ಅಳೆದರು. ಹಳೆಯ ಪ್ರಯೋಗಗಳ ಅಂಕಿಗಳನ್ನೂ ಕೂಲಂಕಷವಾಗಿ ಪರಿಶೀಲಿಸಿದರು. ನೀರಿನಲ್ಲಿ ಎಂಪೆಂಬಾ ಪರಿಣಾಮಕ್ಕೆ ಅರ್ಥಪೂರ್ಣವಾದ ಪುರಾವೆಯಿಲ್ಲವೆಂಬುದು ಅವರ ತೀರ್ಮಾನ. ಒಂದು ಪಾತ್ರೆಯಲ್ಲಿ ಉಷ್ಣಮಾಪಕವನ್ನು ಇನ್ನೊಂದಕ್ಕಿಂತ ಒಂದು ಸೆಂಟಿಮೀಟರಿನಷ್ಟು ಮೇಲೆ ಅಥವಾ ಕೆಳಗೆ ಇಟ್ಟರೂ ಸಾಕು, ಇಲ್ಲದ ಪರಿಣಾಮ ಇದ್ದಂತೆ ತೋರುವುದೆಂದು ಅವರು ತೋರಿಸಿದರು. ಆದರೆ ಅವರು ಅಳೆದದ್ದು ತಣಿಯುವ ಕಾಲವನ್ನು, ಹೆಪ್ಪುಗಟ್ಟುವ ಕಾಲವನ್ನಲ್ಲ ಎಂಬ ಮರುಮಾತೂ ಎದ್ದಿತು.

ಹಾಗಾದರೆ ಆ ಉಪಾಧ್ಯಾಯರೇ ಸರಿ, ಹುಡುಗನೇ ತಪ್ಪು ಎನ್ನೋಣವೆ? ಅಷ್ಟರಲ್ಲಿ ಕಥೆ ಮತ್ತೊಂದು ತಿರುವು ತೆಗೆದುಕೊಂಡಿತು. ನೀರನ್ನು ಬದಿಗಿಟ್ಟು, ಬಿಸಿಯಾದ ಯಾವುದೇ ವ್ಯವಸ್ಥೆ ತಣ್ಣಗಿರುವುದನ್ನು ಹಿಂದಿಕ್ಕಲು ತಾತ್ವಿಕವಾಗಿ ಸಾಧ್ಯವೇ ಎಂದು ಸಿದ್ಧಾಂತಿಗಳು ಕೇಳತೊಡಗಿದರು. 2017ರಲ್ಲಿ ಸಾಧ್ಯವೆಂಬ ಗಣಿತ ಬಂದಿತು. 2020ರಲ್ಲಿ ಕೆನಡದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಅವಿನಾಶ್ ಕುಮಾರ್ ಮತ್ತು ಜಾನ್ ಬೆಕ್‌ಹೋಫರ್, ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಗಾಜಿನ ಮಣಿಯೊಂದನ್ನು ಲೇಸರ್ ಕಿರಣದಿಂದ ನಿಯಂತ್ರಿಸಿ ಅದನ್ನು ಸಾಧಿಸಿಯೇ ತೋರಿಸಿದರು. ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಎಲ್ಲವೂ ನಿಯಂತ್ರಿತ, ಎಲ್ಲವೂ ಸಾವಿರಾರು ಸಲ ಅಳೆದದ್ದು.

ಅದರ ತಿರುಳನ್ನು ಹೀಗೆ ಊಹಿಸಿಕೊಳ್ಳಬಹುದು. ಒಂದು ಇಳಿಜಾರಿನಲ್ಲಿ ಎರಡು ಗುಂಡಿಗಳಿವೆ, ಒಂದು ಆಳ, ಒಂದು ತೇಲು. ಚೆಂಡುಗಳೆಲ್ಲ ಕೊನೆಗೆ ಆಳದ ಗುಂಡಿಗೆ ಹೆಚ್ಚು ಸೇರಬೇಕು. ತಗ್ಗಿನಿಂದ ಹೊರಟ ಚೆಂಡುಗಳು ತೇಲು ಗುಂಡಿಯಲ್ಲಿ ಸಿಕ್ಕಿಕೊಂಡು ಬಹಳ ಹೊತ್ತು ಒದ್ದಾಡುತ್ತವೆ. ಎತ್ತರದಿಂದ ಹೊರಟವು ಎರಡೂ ಕಡೆಗೆ ಮೊದಲೇ ಸರಿಯಾದ ಪ್ರಮಾಣದಲ್ಲಿ ಹಂಚಿಹೋಗುತ್ತವೆ. ದೂರದಿಂದ ಬಂದವರಿಗೆ ಒಳದಾರಿ ಸಿಕ್ಕಿತು, ಹತ್ತಿರದಲ್ಲಿದ್ದವರಿಗೆ ಸಿಗಲಿಲ್ಲ! ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಸಂಶೋಧಕರು ಹರಳುಕಣಗಳ ವ್ಯವಸ್ಥೆಗಳಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. 2024ರಲ್ಲಿ ಬಲೆಯಲ್ಲಿ ಹಿಡಿದ ಅಯಾನುಗಳಲ್ಲಿ ಇದರ ಕ್ವಾಂಟಂ ರೂಪವೂ ಕಾಣಿಸಿಕೊಂಡಿತು. ನೀರಿನ ಲೋಟದ ಬಗ್ಗೆ ಸಂಶಯ ಉಳಿದೇ ಇದೆ. ಹುಡುಗನ ಹೆಸರು ಮಾತ್ರ ಲೋಟವನ್ನು ದಾಟಿ ಹೋಗಿದೆ.

ಈ ಕಥೆಯನ್ನು ಹೇಳುವವರು ಬಹುಮಂದಿ, ಮೂರ್ಖ ಉಪಾಧ್ಯಾಯ, ಬುದ್ಧಿವಂತ ಹುಡುಗ ಎಂದು ಮುಗಿಸಿಬಿಡುತ್ತಾರೆ. ಅದು ಅನ್ಯಾಯ. ಅಸಂಭವವಾದುದನ್ನು ಸಂಶಯಿಸುವುದು ವಿಜ್ಞಾನದ ಉಪಾಧ್ಯಾಯರ ಕರ್ತವ್ಯವೇ ಸರಿ. ಆಸ್ಬರ್ನ್ ಕೂಡ ಸಂಶಯಿಸಿದರು. ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ. ಇಬ್ಬರಲ್ಲಿ ಒಬ್ಬರು ಮಾತ್ರ, ನೀನೇ ಮಾಡಿ ನೋಡಿದೆಯಾ ಎಂದು ಕೇಳಿದರು. ಫ್ರೀಜರು ಇಬ್ಬರ ಶಾಲೆಗಳಲ್ಲಿಯೂ ಇತ್ತು.

ಉತ್ತ ಹೊಲದ ಸಾಲುಗಳು

ಇದಕ್ಕೆ ಎದುರಾದ ನಿದರ್ಶನವೂ ಉಂಟು. ಅಮೆರಿಕದ ಐಡಹೊ ರಾಜ್ಯದ ರಿಗ್ಬಿ ಎಂಬ ಊರಿನಲ್ಲಿ ಫೈಲೋ ಫಾರ್ನ್ಸ್‌ವರ್ತ್ ಎಂಬ ರೈತಬಾಲಕನಿದ್ದನು. ಚಿತ್ರಗಳನ್ನು ದೂರಕ್ಕೆ ಕಳುಹಿಸಬೇಕೆಂದು ಆಗ ಅನೇಕರು ಯತ್ನಿಸುತ್ತಿದ್ದರು. ತೂತುಗಳಿರುವ ತಟ್ಟೆಯನ್ನು ಗಿರ್ರನೆ ತಿರುಗಿಸಿ ಚಿತ್ರವನ್ನು ತುಂಡರಿಸುವುದು ಅಂದಿನ ತಜ್ಞರ ಮಾರ್ಗ. ಎಷ್ಟು ವೇಗವಾಗಿ ತಿರುಗಿಸಿದರೂ ಚಿತ್ರ ಸ್ಪಷ್ಟವಾಗುತ್ತಿರಲಿಲ್ಲ. ಹೊಲ ಉಳುತ್ತಿದ್ದ ಹದಿನಾಲ್ಕರ ಹುಡುಗನಿಗೆ ನೇಗಿಲ ಸಾಲುಗಳು ಒಂದರ ಪಕ್ಕ ಒಂದು ಮೂಡಿರುವುದನ್ನು ನೋಡಿ, ಚಿತ್ರವನ್ನೂ ಹೀಗೆಯೇ ಸಾಲುಸಾಲಾಗಿ, ಆದರೆ ತಟ್ಟೆಯ ಬದಲು ಎಲೆಕ್ಟ್ರಾನುಗಳಿಂದ ಉಳಬಹುದಲ್ಲ ಎಂದು ಹೊಳೆಯಿತಂತೆ. ಯಂತ್ರಭಾಗವೇ ಇಲ್ಲದ ಟೆಲಿವಿಷನ್!

1922ರಲ್ಲಿ ಅವನು ಶಾಲೆಯ ಕಪ್ಪುಹಲಗೆಯ ಮೇಲೆ ತನ್ನ ಕಲ್ಪನೆಯ ಚಿತ್ರ ಬರೆದು ರಸಾಯನಶಾಸ್ತ್ರದ ಉಪಾಧ್ಯಾಯ ಜಸ್ಟಿನ್ ಟೋಲ್ಮನ್ ಅವರಿಗೆ ವಿವರಿಸಿದನು. ಟೋಲ್ಮನ್ ನಗಲಿಲ್ಲ. ಪ್ರಶ್ನೆಗಳನ್ನು ಕೇಳಿದರು. ಹುಡುಗ ಹಾಳೆಯ ಮೇಲೆ ಬರೆದುಕೊಟ್ಟ ರೇಖಾಚಿತ್ರವನ್ನು ಜೋಪಾನವಾಗಿ ಇಟ್ಟುಕೊಂಡರು. 1927ರ ಸೆಪ್ಟೆಂಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೋದ ಪ್ರಯೋಗಾಲಯದಲ್ಲಿ ಫಾರ್ನ್ಸ್‌ವರ್ತ್ ಒಂದು ನೇರಗೆರೆಯ ಚಿತ್ರವನ್ನು ಪೂರ್ಣ ಎಲೆಕ್ಟ್ರಾನಿಕ್ ವಿಧಾನದಿಂದ ಇನ್ನೊಂದು ಕೋಣೆಗೆ ರವಾನಿಸಿದಾಗ ಅವರಿಗೆ 21 ವರ್ಷ.

ಬಳಿಕ ದೈತ್ಯ ಸಂಸ್ಥೆಯಾದ ಆರ್‌ಸಿಎ ಜೊತೆಗೆ ಪೇಟೆಂಟ್ ವ್ಯಾಜ್ಯವೆದ್ದಿತು. ತಮ್ಮ ವಿಜ್ಞಾನಿ ವ್ಲಾದಿಮಿರ್ ಜ್ವೊರಿಕಿನ್ 1923ರಲ್ಲಿಯೇ ಅರ್ಜಿ ಹಾಕಿದ್ದರೆಂಬುದು ಸಂಸ್ಥೆಯ ವಾದ. ಟೋಲ್ಮನ್ ಮುಂದೆ ಬಂದು, ವರ್ಷಗಳ ಹಿಂದೆ ತನ್ನ ವಿದ್ಯಾರ್ಥಿ ಕಪ್ಪುಹಲಗೆಯ ಮೇಲೆ ಬರೆದುದೇನೆಂದು ಸಾಕ್ಷ್ಯ ನುಡಿದರು. ಆ ಹಾಳೆಯೇ ಮೊಕದ್ದಮೆಯನ್ನು ಗೆದ್ದಿತೆಂದು ಹೇಳುವುದು ರೂಢಿ. ಆದರೆ ಜ್ವೊರಿಕಿನ್ ಅವರ ಮೂಲ ಅರ್ಜಿಯಲ್ಲಿ ಆ ಅಂಶವೇ ಸ್ಪಷ್ಟವಾಗಿರಲಿಲ್ಲವೆಂಬುದು ತೀರ್ಪಿಗೆ ಹೆಚ್ಚಿನ ಆಧಾರವಾಯಿತು. ಏನೇ ಇರಲಿ, ಜಯ ಫಾರ್ನ್ಸ್‌ವರ್ತ್ ಅವರದಾಯಿತು. ಪರರಿಗೆ ಪರವಾನಗಿ ಶುಲ್ಕ ಕೊಡದೆಂದು ಹೆಸರಾಗಿದ್ದ ಆರ್‌ಸಿಎ 1939ರಲ್ಲಿ ಅವರಿಗೆ 10 ಲಕ್ಷ ಡಾಲರ್ ತೆರಲು ಒಪ್ಪಿಕೊಂಡಿತು.

ಒಂಬತ್ತರ ಬಾಲೆ ಎಸೆದ ನಾಣ್ಯ

ರೂಢಿಗೆ ವಿರುದ್ಧವಾಗಿ ಯೋಚಿಸುವುದೆಂದರೆ ವಿಚಿತ್ರವಾದುದನ್ನು ನಂಬುವುದು ಎಂಬ ತಪ್ಪು ಕಲ್ಪನೆ ನಮ್ಮಲ್ಲಿದೆ. ಎಮಿಲಿ ರೋಸಾಳ ಪ್ರಸಂಗ ಇದಕ್ಕೆ ತಕ್ಕ ಉತ್ತರ. 1990ರ ದಶಕದ ಅಮೆರಿಕದಲ್ಲಿ ‘ಥೆರಪ್ಯೂಟಿಕ್ ಟಚ್’ ಎಂಬ ಪದ್ಧತಿ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಹೆಸರು ಸ್ಪರ್ಶವಾದರೂ ಮುಟ್ಟುವುದಿಲ್ಲ. ರೋಗಿಯ ಮೈಯಿಂದ ಕೆಲವು ಅಂಗುಲ ಮೇಲೆ ಕೈಯಾಡಿಸಿ ಅವನ ‘ಶಕ್ತಿಕ್ಷೇತ್ರ’ವನ್ನು ಅರಿತು ಸರಿಪಡಿಸುವುದಾಗಿ ಚಿಕಿತ್ಸಕರು ಹೇಳುತ್ತಿದ್ದರು. ಇದನ್ನು ಕೊಲರಾಡೊದ ಈ ಒಂಬತ್ತು ವರ್ಷದ ಬಾಲಕಿ 1996ರಲ್ಲಿ ಶಾಲೆಯ ವಿಜ್ಞಾನ ಮೇಳಕ್ಕೆ ವಿಷಯವಾಗಿ ಆರಿಸಿಕೊಂಡಳು.

ಅವಳ ಉಪಕರಣ ಒಂದು ರಟ್ಟಿನ ಪರದೆ, ಒಂದು ನಾಣ್ಯ. ಚಿಕಿತ್ಸಕರು ಪರದೆಯ ಕಂಡಿಗಳಿಂದ ಎರಡೂ ಕೈಗಳನ್ನು ಅಂಗೈ ಮೇಲಾಗಿ ಈಚೆಗೆ ಚಾಚಬೇಕು. ಎಮಿಲಿ ನಾಣ್ಯ ಚಿಮ್ಮಿ, ಅದು ಹೇಳಿದಂತೆ ಅವರ ಎಡಗೈಯ ಅಥವಾ ಬಲಗೈಯ ಮೇಲೆ ತುಸು ಎತ್ತರದಲ್ಲಿ ತನ್ನ ಕೈಯನ್ನು ಹಿಡಿಯುವಳು. ಯಾವ ಕೈಯ ಮೇಲೆಂದು ಅವರು ಹೇಳಬೇಕು. ಕಣ್ಣುಮುಚ್ಚಿ ಊಹಿಸಿದರೂ ಅರ್ಧದಷ್ಟು ಸರಿಯಾಗಬೇಕು. ಒಟ್ಟು 21 ಮಂದಿ ಚಿಕಿತ್ಸಕರು 280 ಸಲ ಉತ್ತರಿಸಿದರು, ಸರಿಯಾದುದು 123. ಅಂದರೆ ಶೇಕಡ 44! ತಾಯಿ ಹಾಗೂ ಇನ್ನಿಬ್ಬರೊಂದಿಗೆ ಅವಳ ಹೆಸರಿರುವ ಪ್ರಬಂಧ 1998ರ ಏಪ್ರಿಲ್ 1ರಂದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಿಗಳು ಗುಣವಾಗುವರೋ ಇಲ್ಲವೋ ಎಂಬುದನ್ನು ಈ ಪ್ರಯೋಗ ಪರೀಕ್ಷಿಸಲಿಲ್ಲ, ನಿಜ. ಆದರೆ ಕಾಣದ ಕ್ಷೇತ್ರವನ್ನು ಕೈ ಅರಿಯುತ್ತದೆ ಎಂಬ ಬುಡದ ಮಾತನ್ನೇ ಅದು ಕೇಳಿತ್ತು. ದೊಡ್ಡವರಾದ ಸಂಶಯವಾದಿಗಳ ಮುಂದೆ ಕೈಚಾಚಲು ಸುಲಭವಾಗಿ ಒಪ್ಪದ ಚಿಕಿತ್ಸಕರು ಪುಟ್ಟ ಹುಡುಗಿಯ ಮೇಳದ ಮಾದರಿಗೆ ಒಪ್ಪಿದರೆಂಬುದೂ ಈ ಕಥೆಯ ಒಂದು ಸ್ವಾರಸ್ಯ.

2010ರಲ್ಲಿ ಇಂಗ್ಲೆಂಡಿನ ಬ್ಲ್ಯಾಕಾಟನ್ ಹಳ್ಳಿಯ ಪ್ರಾಥಮಿಕ ಶಾಲೆಯ 25 ಮಕ್ಕಳು, ಎಂಟರಿಂದ ಹತ್ತು ವರ್ಷದವರು, ದುಂಬಿಗಳು ಬಣ್ಣವನ್ನೂ ವಿನ್ಯಾಸವನ್ನೂ ಒಟ್ಟುಗೂಡಿಸಿ ಹೂವನ್ನು ಆರಿಸಬಲ್ಲವೆಂದು ತೋರಿಸಿದರು. ನರವಿಜ್ಞಾನಿ ಬೋ ಲೊಟ್ಟೊ ನೆರವಾದರೂ ಪ್ರಶ್ನೆಗಳು ಮಕ್ಕಳವು, ಭಾಷೆ ಮಕ್ಕಳದು, ಚಿತ್ರಗಳು ಬಣ್ಣದ ಪೆನ್ಸಿಲಿನವು. ರಾಯಲ್ ಸೊಸೈಟಿಯ ‘ಬಯಾಲಜಿ ಲೆಟರ್ಸ್’ ಅದನ್ನು ಹಾಗೆಯೇ ಅಚ್ಚುಮಾಡಿ, ಜೊತೆಗೆ ತಜ್ಞರ ಟಿಪ್ಪಣಿಯನ್ನೂ ಹಾಕಿತು.

ನಮ್ಮ ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಉಗುಳುವ ಜ್ವಾಲಾಮುಖಿ, ತಿರುಗುವ ಸೌರಮಂಡಲ, ಥರ್ಮೊಕೋಲಿನ ಅಣೆಕಟ್ಟುಗಳೇ ವರ್ಷವರ್ಷವೂ ಮೆರೆಯುತ್ತವೆ. ನೋಡಲು ಅಂದ, ಉತ್ತರವೂ ಮೊದಲೇ ಸಿದ್ಧ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬೇಕೆನ್ನುವ ಮಕ್ಕಳಿಗೆ ಎಂಪೆಂಬಾನದು ಇನ್ನೂ ಖಾಲಿಯಿದೆ, ಖರ್ಚೂ ಇಲ್ಲ. ಗಾಜಿನ ಲೋಟ ಬಿರಿಯುವುದರಿಂದ ಸ್ಟೀಲಿನವನ್ನೇ ತೆಗೆದುಕೊಳ್ಳಿ. ಬಿಸಿನೀರನ್ನು ಹಿರಿಯರ ಕೈಯಿಂದಲೇ ಸುರಿಸಿ. ನೀರನ್ನು ಅಳೆಯದೆ ತೂಗಿ. ಲೋಟಗಳ ಕೆಳಗೆ ಥರ್ಮೊಕೋಲಿನ ತುಂಡನ್ನಿಟ್ಟರೆ ಹಿಮಹುಡಿಯ ತಂಟೆಯಿರದು. ‘ಹೆಪ್ಪುಗಟ್ಟಿತು’ ಎಂದರೆ ಮೊದಲ ಹರಳು ಕಾಣುವುದೋ ಪೂರ್ತಿ ಗಟ್ಟಿಯಾಗುವುದೋ ಎಂಬುದನ್ನು ಬಾಗಿಲು ಮುಚ್ಚುವ ಮೊದಲೇ ಪುಸ್ತಕದಲ್ಲಿ ಬರೆದಿಡಬೇಕು. ಹತ್ತು ಸಲವಾದರೂ ಮಾಡಿ, ಪ್ರತಿ ಸಲವೂ ಎಡದ ಲೋಟವನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಿಸಿ, ಬಂದ ಉತ್ತರ ಹಿಡಿಸದಿದ್ದರೂ ಅದನ್ನೇ ಬರೆದುಕೊಳ್ಳಬೇಕು.